ಕಹಿ ಪಾನಕದ ಪ್ರಸಂಗ

ಕಚೇರಿಯ ಕಡತದಲ್ಲಿ ತಪ್ಪೊಂದು ನುಸುಳಿದರೆ ಅದನ್ನು ಅಳಿಸಿ ಹಾಕುವಂತಿಲ್ಲ. ತಪ್ಪು ಇದ್ದ ಹಾಗೆಯೇ ಇರಬೇಕು. ಅದರ ಕೆಳಗೆ ತಿದ್ದುಪಡಿ ಬರೆದು, ರುಜು ಹಾಕಿ, ತಾರೀಖು ನಮೂದಿಸಬೇಕು. ಇಪ್ಪತ್ತೆರಡು ವರ್ಷಗಳಿಂದ ಕೇಂದ್ರ ಸರ್ಕಾರದ ಗುಮಾಸ್ತನಾಗಿರುವ ನನಗೆ ಈ ಒಂದು ವಿದ್ಯೆಯಾದರೂ ಕರಗತವಾಗಿದೆ. ಆದ್ದರಿಂದ ಓದುಗ ಬಂಧುಗಳು ಈ ಬರಹವನ್ನು ಒಂದು ತಿದ್ದುಪಡಿಯೆಂದು ಭಾವಿಸಬೇಕಾಗಿ ವಿನಂತಿ.

ತಪ್ಪು ಯಾವುದೆಂದರೆ, ನಮ್ಮ ಸಂಘದ ರಾಜ್ಯೋತ್ಸವದಲ್ಲಿ, ಯುಗಾದಿ ಊಟದ ಪಂಕ್ತಿಯಲ್ಲಿ, "ನಿಮ್ಮ ತಮ್ಮ ಫ್ರಾನ್ಸಿನಲ್ಲಿ ಏನು ಮಾಡಿಕೊಂಡಿದ್ದಾರೆ?" ಎಂದು ಕೇಳಿದವರಿಗೆಲ್ಲ ನಾನು "ಹೋಟೆಲ್ ಆಡಳಿತದಲ್ಲಿದ್ದಾನೆ" ಎಂದು ಹೇಳುತ್ತ ಬಂದಿದ್ದೇನೆ. ಅವನು ಆಡಳಿತದಲ್ಲಿಲ್ಲ. ಬೋರ್ಡೋ ನಗರದ ಒಂದು ಹೋಟೆಲಿನ ಬಾರಿನಲ್ಲಿ ಗಿರಾಕಿಗಳಿಗೆ ಮದ್ಯ ಬೆರೆಸಿ ಕೊಡುವುದು ಅವನ ಉದ್ಯೋಗ.

ಮುಂಬಯಿ ಕನ್ನಡಿಗರಿಗೆ ಇದರಲ್ಲಿ ಬೆಚ್ಚಿಬೀಳುವಂಥದ್ದೇನೂ ಇಲ್ಲವೆಂದು ನಾನು ಬಲ್ಲೆ. ಈ ಊರಿಗೆ ಇಡ್ಲಿಯ ರುಚಿ ಹತ್ತಿಸಿದವರೂ ನಮ್ಮವರೇ, ಪರ್ಮಿಟ್ ರೂಮುಗಳನ್ನು ನಡೆಸಿದವರಲ್ಲಿ ಅನೇಕರೂ ನಮ್ಮವರೇ. ಆದರೂ ನಾನು ಸುಳ್ಳು ಹೇಳಿದೆ. ಕಾರಣ ಊರಿನಲ್ಲಿರಲಿಲ್ಲ, ಮನೆಯಲ್ಲಿತ್ತು.

ನಮ್ಮ ತಂದೆಯವರು ತೀರ್ಥಹಳ್ಳಿ ಕಡೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದವರು. ಅವರಿಗೊಬ್ಬ ಅಣ್ಣನಿದ್ದರು. ಒಳ್ಳೆಯ ಕಂಠ, ಕೈತುಂಬ ಅಡಿಕೆ ತೋಟ. ದೊಡ್ಡಪ್ಪ ಆ ತೋಟವನ್ನು ಸಾರಾಯಿ ಅಂಗಡಿಯ ಲೆಕ್ಕಕ್ಕೆ ಎಕರೆ ಎಕರೆಯಾಗಿ ಬರೆದುಕೊಟ್ಟರು. ಒಂದು ಮಳೆಗಾಲದ ರಾತ್ರಿ ಅವರನ್ನು ಸಂಕದ ಬಳಿಯಿಂದ ಹೊತ್ತು ತಂದವರು ನಮ್ಮ ಅಪ್ಪ. ಆಗ ನನಗೆ ಒಂಬತ್ತು ವರ್ಷ, ತಮ್ಮನಿಗೆ ನಾಲ್ಕು. ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರಲ್ಲಿ. ದೊಡ್ಡಪ್ಪ ಅಷ್ಟು ದಿನ ಕಾಯಲಿಲ್ಲ.

ಇಂಥ ಮನೆಯ ಹುಡುಗ ಹೋಟೆಲ್ ಕಾಲೇಜು ಸೇರಿ, 2010ರಲ್ಲಿ ಪ್ರವಾಸಿ ಹಡಗೊಂದರಲ್ಲಿ ಕೆಲಸ ಹಿಡಿದ. ಮರುವರ್ಷ ಅವನು ಕಳುಹಿಸಿದ ಒಂದು ಫೋಟೋದಲ್ಲಿ ಬೆನ್ನ ಹಿಂದೆ ಸಾಲು ಸಾಲು ಬಾಟಲಿ. ಅಪ್ಪ ಫೋಟೋ ನೋಡಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ನೋಡಿದರು. ಬೈಯಲಿಲ್ಲ. ಆದರೆ ಅಂದಿನಿಂದ ಅವನ ಫೋನು ಬಂದರೆ ಅದನ್ನು ಅಮ್ಮನ ಕೈಗೆ, ಅಮ್ಮ 2019ರಲ್ಲಿ ಹೋದ ಮೇಲೆ ನನ್ನ ಕೈಗೆ ದಾಟಿಸಿ ಎದ್ದುಹೋಗುವುದು ರೂಢಿಯಾಯಿತು. ಅಮ್ಮನ ಕಾರ್ಯಕ್ಕೆ ಅವನು ಬಂದಾಗಲೂ ಇಬ್ಬರ ನಡುವೆ ನಡೆದದ್ದು ಪುರೋಹಿತರು ಹೇಳಿಸಿದಷ್ಟೇ ಮಾತು.

2024ರ ಡಿಸೆಂಬರಿನಲ್ಲಿ ತಮ್ಮ ಮೂರು ವಾರದ ರಜೆಯ ಮೇಲೆ ಆಂಟಾಪ್ ಹಿಲ್‌ನ ನಮ್ಮ ಸರ್ಕಾರಿ ವಸತಿಗೃಹಕ್ಕೆ ಬಂದ. ಅವನ ಪೆಟ್ಟಿಗೆಯಲ್ಲಿ ನನ್ನ ಮಗಳಿಗೆ ಚಾಕಲೇಟು, ನನ್ನವಳಿಗೆ ಒಂದು ಶಾಲು, ಮತ್ತು ಬಟ್ಟೆಗಳ ನಡುವೆ ಸುತ್ತಿಟ್ಟ ಮೂರು ಬಾಟಲಿಗಳಿದ್ದವು. ಗುಮಾಸ್ತನ ಬುದ್ಧಿ ನೋಡಿ, ನಾನು ಮೊದಲು ಓದಿದ್ದು ಅಳತೆಯನ್ನು. 700, 750 ಮತ್ತು 500 ಎಂ.ಎಲ್., ಒಟ್ಟು 1.95 ಲೀಟರು. ವಿದೇಶದಿಂದ ಬರುವವನು ಸುಂಕವಿಲ್ಲದೆ ತರಬಹುದಾದದ್ದು 2 ಲೀಟರು. "50 ಎಂ.ಎಲ್. ಉಳಿಸಿದ್ದೀಯಲ್ಲೋ" ಎಂದೆ. "ನಿನ್ನ ತಮ್ಮ ಅಲ್ವಾ ಅಣ್ಣ" ಎಂದ.

"ಒಂದು ದಿನ ನೀನು ನನ್ನ ಕೆಲಸ ನೋಡಬೇಕು. ಅಷ್ಟೇ ಸಾಕು" ಎಂದು ಅವನು ಕೇಳಿದ. ಹದಿನಾಲ್ಕು ವರ್ಷಗಳಲ್ಲಿ ಅವನು ನನ್ನನ್ನು ಕೇಳಿದ ಮೊದಲ ವಸ್ತು ಅದು. ಇಲ್ಲವೆನ್ನಲಾಗಲಿಲ್ಲ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳನ್ನು ತೆಗೆದು 22ನೆಯ ನಿಯಮ ಓದಿದೆ. ಕರ್ತವ್ಯದ ವೇಳೆ ಅಮಲಿನಲ್ಲಿರಕೂಡದು, ಸಾರ್ವಜನಿಕ ಸ್ಥಳದಲ್ಲಿ ಕುಡಿಯಕೂಡದು, ಆಯಾ ಪ್ರದೇಶದ ಮದ್ಯ ಸಂಬಂಧದ ಕಾನೂನನ್ನು ಪಾಲಿಸಬೇಕು. ಈ ರಾಜ್ಯದ ಕಾನೂನೆಂದರೆ 1949ರ ಪಾನನಿಷೇಧ ಕಾಯಿದೆ. ಅದರ ಪ್ರಕಾರ ಕುಡಿಯುವವನಿಗೆ ಪರವಾನಗಿ ಬೇಕು. ಒಂದು ದಿನದ ಪರವಾನಗಿ ಪಡೆದು ಜೇಬಿನಲ್ಲಿಟ್ಟುಕೊಂಡೆ. ಹೆಂಡತಿಯ ಪರವಾನಗಿ ಇನ್ನೂ ಕಷ್ಟದ್ದಾಗಿತ್ತು. "ಮಾವ ಹಾಲಿನಲ್ಲಿ ಇರ್ತಾರೆ. ಅವರಿಗೆ ಗೊತ್ತಿಲ್ಲದ ಹಾಗೆ ಕದ್ದು ಮಾಡೋದಾದರೆ ಬೇಡ. ಗೊತ್ತಿದ್ದೇ ಮಾಡಿ" ಎಂದಳು. ಅದು ನಿಯಮ 22ಕ್ಕಿಂತ ದೊಡ್ಡ ನಿಯಮವೆಂದು ನನಗೆ ಆಮೇಲೆ ತಿಳಿಯಿತು.

ಭಾನುವಾರ ಮಧ್ಯಾಹ್ನ ಅಪ್ಪ ಮಲಗಿದ್ದಾಗ ತಮ್ಮ ಅವರ ಟ್ರಂಕು ತೆರೆದು, ಕಾಗದದಲ್ಲಿ ಸುತ್ತಿಟ್ಟಿದ್ದ ಕಿರಾತಕಡ್ಡಿಯ ಕಟ್ಟಿನಿಂದ ಎರಡು ಕಡ್ಡಿ ಮುರಿದು ತಂದು, ಒಂದು ಲೋಟ ಬಿಸಿನೀರಿನಲ್ಲಿ ನೆನೆಹಾಕಿದ. ಹಡಗಿನ ಊಟ ಹೊಟ್ಟೆ ಕೆಡಿಸಿರಬೇಕೆಂದುಕೊಂಡು ನಾನು ಕೇಳಲಿಲ್ಲ. ಅವನು ಹಡಗು ಬಿಟ್ಟು ಎಂಟು ವರ್ಷವಾಗಿದೆಯೆಂಬುದೂ ಆಗ ನನ್ನ ನೆನಪಿಗೆ ಬರಲಿಲ್ಲ!

ಸಂಜೆ ಅಡಿಗೆಮನೆಯ ಕಟ್ಟೆಯ ಮೇಲೆ ಮೂರು ಬಾಟಲಿಗಳೂ ಬಂದು ಕುಳಿತವು. ಒಂದು, ಕೊನ್ಯಾಕ್ ಸೀಮೆಯಲ್ಲಿ ಬಟ್ಟಿ ಇಳಿಸಿದ ಜಿನ್. ಇನ್ನೊಂದು ಲಿಲೆ, ಬೋರ್ಡೋ ಸಮೀಪದ ಪೊಡೆನ್ಸಾಕ್ ಎಂಬ ಊರಿನಲ್ಲಿ 1872ರಲ್ಲಿ ಇಬ್ಬರು ಸೋದರರು ಆರಂಭಿಸಿದ ಕಂಪನಿಯದು. ಬಿಳಿ ದ್ರಾಕ್ಷಾರಸಕ್ಕೆ ಕಿತ್ತಳೆ ಸಿಪ್ಪೆಯ ಸಾರ ಸೇರಿಸಿ ಮಾಡಿದ್ದು. ಮೂರನೆಯದು ಸೂಜ್. ಬಂಗಾರದ ಬಣ್ಣ, ಉದ್ದನೆಯ ಬಾಟಲಿ. 1889ರಿಂದ ಮಾರಾಟದಲ್ಲಿದೆ. 1912ರಲ್ಲಿ ಪಿಕಾಸೋ ಅದರ ಚೀಟಿಯ ಆಕಾರವನ್ನು ವೃತ್ತಪತ್ರಿಕೆಯ ತುಂಡುಗಳ ನಡುವೆ ಅಂಟಿಸಿ ಒಂದು ಚಿತ್ರವನ್ನೇ ರಚಿಸಿದ. ನಾವು ಮಾಡಹೊರಟ ಕಹಿ ಪಾನೀಯದ ಪ್ರಾಣ ಈ ಮೂರನೆಯ ಬಾಟಲಿಯಲ್ಲಿತ್ತು.

ಇದರ ವಂಶಾವಳಿಯನ್ನು ತಮ್ಮ ಹೇಳಿದ. ಮೂಲಪುರುಷ ನೆಗ್ರೋನಿ. 1919ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಕಮಿಲ್ಲೋ ನೆಗ್ರೋನಿ ಎಂಬ ಕೌಂಟ್, ತಾನು ಕುಡಿಯುತ್ತಿದ್ದ ಪಾನೀಯಕ್ಕೆ ಸೋಡಾ ಬದಲು ಜಿನ್ ಹಾಕಿಸಿದನೆಂದು ಪ್ರತೀತಿ. ಜಿನ್, ಕೆಂಪು ಕಂಪಾರಿ, ಸಿಹಿ ವರ್ಮುತ್, ಮೂರೂ ಸಮಭಾಗ. ಅದು ಕೆಂಪು, ಕಹಿ, ಜಗತ್ಪ್ರಸಿದ್ಧ. 2001ರಲ್ಲಿ ಬೋರ್ಡೋದಲ್ಲಿ ನಡೆದ ಮದ್ಯಗಳ ಮೇಳಕ್ಕೆ ಬಂದಿದ್ದ ವೇಯ್ನ್ ಕಾಲಿನ್ಸ್ ಎಂಬ ಇಂಗ್ಲಿಷ್ ಬಾರ್‌ಟೆಂಡರನು ಫ್ರೆಂಚರ ನಾಡಿನಲ್ಲಿ ಫ್ರೆಂಚ್ ಸಾಮಗ್ರಿಯಿಂದಲೇ ನೆಗ್ರೋನಿ ಮಾಡೋಣವೆಂದು ಕಂಪಾರಿ ಜಾಗಕ್ಕೆ ಸೂಜ್, ವರ್ಮುತ್ ಜಾಗಕ್ಕೆ ಲಿಲೆ ತಂದ. ಬಿಳಿ ನೆಗ್ರೋನಿ ಹುಟ್ಟಿದ್ದು ಹೀಗೆ. ಅವನ ಜಿನ್ ಮಾತ್ರ ಇಂಗ್ಲೆಂಡಿನದೇ ಆಗಿತ್ತು. ನನ್ನ ತಮ್ಮ ಅದನ್ನೂ ಫ್ರೆಂಚ್ ಮಾಡಿಬಿಟ್ಟಿದ್ದ.

"ಕಹಿ ಎಲ್ಲಿಂದ ಬರ್ತದೆ?" ಎಂದೆ. ಶಿವಮೊಗ್ಗೆಯಲ್ಲಿ ಬಿ.ಎಸ್ಸಿ. ಓದುವಾಗ ರಸಾಯನಶಾಸ್ತ್ರವೇ ನನ್ನ ಪ್ರಿಯ ವಿಷಯವಾಗಿತ್ತು. ಕಡತಗಳ ನಡುವೆ ಅದು ಹೂತುಹೋಗಿದ್ದರೂ ಪೂರ್ತಿ ಸತ್ತಿಲ್ಲ.

ಬರುವುದು ಜೆನ್ಷಿಯನ್ ಎಂಬ ಗಿಡದ ಬೇರಿನಿಂದ. ಫ್ರಾನ್ಸಿನ ನಡುಭಾಗದ ಒವೆರ್ನ್ಯ್ ಬೆಟ್ಟಗಳಲ್ಲಿ ಅದು ಬೆಳೆಯುತ್ತದೆ. ಆಳೆತ್ತರ, ಹಳದಿ ಹೂವು. ಹೂ ಬಿಡುವುದಕ್ಕೇ ಸುಮಾರು ಹತ್ತು ವರ್ಷ ಬೇಕು. ಬೇರು ಮಾರುದ್ದ ಇಳಿದಿರುತ್ತದೆ. ಅದನ್ನು ಎತ್ತಲು ಅಲ್ಲಿಯವರು ಉದ್ದನೆಯ ಕಬ್ಬಿಣದ ಕವೆಗೋಲೊಂದನ್ನು ಬಳಸುತ್ತಾರೆ, ಅದಕ್ಕೆ ಸೈತಾನನ ಕವೆ ಎಂದು ಹೆಸರು. ಹೂವಿಲ್ಲದಾಗ ಅದೇ ಬೆಟ್ಟದ ಒಂದು ವಿಷದ ಗಿಡವೂ ಹೀಗೆಯೇ ಕಾಣುತ್ತದೆಯಂತೆ. ಜೆನ್ಷಿಯನ್ನಿನ ಎಲೆಗಳು ಎದುರುಬದುರಾಗಿ ಜೋಡಿಯಲ್ಲಿರುತ್ತವೆ, ವಿಷದ ಗಿಡದವು ಒಂದಾದ ಮೇಲೊಂದು. ಅಷ್ಟೇ ಗುರುತು. ತಮ್ಮ ಒಂದು ರಜೆಯಲ್ಲಿ ಅಲ್ಲಿಗೆ ಹೋಗಿ ಬೇರು ಕೀಳುವವರ ಜೊತೆ ಕವೆ ಹಿಡಿದು ಬಂದಿದ್ದ. ಫೋನಿನಲ್ಲಿ ಚಿತ್ರ ತೋರಿಸಿದ.

"ಇದರ ಕಹಿ ಪದಾರ್ಥಗಳಲ್ಲಿ ಒಂದು ಅಮರೋಜೆಂಟಿನ್" ಎಂದಾಗ ನನ್ನೊಳಗಿನ ಬಿ.ಎಸ್ಸಿ. ಎದ್ದು ಕುಳಿತ. ಗೊತ್ತಿರುವ ಕಹಿಗಳಲ್ಲೆಲ್ಲ ಅತಿ ಕಹಿಯಾದವುಗಳ ಸಾಲಿಗೆ ಸೇರಿದ್ದು ಅದು. 5 ಕೋಟಿ 80 ಲಕ್ಷ ಪಾಲು ನೀರಿಗೆ ಒಂದು ಪಾಲು ಹಾಕಿದರೂ ನಾಲಗೆ ಗುರುತಿಸುತ್ತದೆ. ಅಂದರೆ ನಮ್ಮ ಕಾಲೊನಿಗೆ ಬರುವ ಹತ್ತು ಸಾವಿರ ಲೀಟರಿನ ನೀರಿನ ಟ್ಯಾಂಕರು ಹೆಚ್ಚುಕಡಿಮೆ ಆರನ್ನು ಕಹಿ ಮಾಡಲು ಒಂದು ಗ್ರಾಮು ಸಾಕು! ಇದೇ ಪದಾರ್ಥ ನಮ್ಮ ಕಿರಾತಕಡ್ಡಿಯಲ್ಲೂ ಇದೆ. ಮಲೆನಾಡಿನಲ್ಲಿ ಕೆಲವರು ನೆಲಬೇವಿಗೂ ಕಿರಾತವೆನ್ನುವುದುಂಟು. ಅದು ಬೇರೆ ಕುಟುಂಬದ ಗಿಡ. ನಾನು ಹೇಳುತ್ತಿರುವುದು ಹಿಮಾಲಯದ ಕಡೆಯಿಂದ ಗ್ರಂಧಿಗೆ ಅಂಗಡಿಗೆ ಬರುವ ಕಿರಾತಕಡ್ಡಿ. ಅದೂ ಜೆನ್ಷಿಯನ್ನೂ ಒಂದೇ ಕುಟುಂಬಕ್ಕೆ ಸೇರಿದವು. ದಾಯಾದಿಗಳು ಎನ್ನಬಹುದು.

ಚಳಿಜ್ವರ ಬಂದ ಮಕ್ಕಳಿಗೆ ಅಪ್ಪ ಕಿರಾತಕಡ್ಡಿ ಕಷಾಯ ಕುಡಿಸುತ್ತಿದ್ದರು. ನಮಗಷ್ಟೇ ಅಲ್ಲ, ಶಾಲೆಯ ಅರ್ಧ ಮಕ್ಕಳಿಗೆ. ಫ್ರೆಂಚರ ಕಹಿ ಪಾನೀಯಗಳ ಕಥೆಯೂ ಜ್ವರದಿಂದಲೇ ಆರಂಭವಾಗುತ್ತದೆ. 1820ರಲ್ಲಿ ಪೆಲೆಟಿಯೆ ಮತ್ತು ಕವಂತೂ ಎಂಬಿಬ್ಬರು ಪ್ಯಾರಿಸಿನಲ್ಲಿ ಸಿಂಕೋನಾ ತೊಗಟೆಯಿಂದ ಕ್ವಿನೈನನ್ನು ಬೇರ್ಪಡಿಸಿದರು. 1837ರಲ್ಲಿ ಗೇತಾನ್ ಪಿಕಾನ್ ಎಂಬವನು ಆಲ್ಜೀರಿಯದಲ್ಲಿ ಜೆನ್ಷಿಯನ್, ಸಿಂಕೋನಾ, ಕಿತ್ತಳೆ ಸೇರಿಸಿ ಒಂದು ಕಹಿ ಪಾನೀಯ ಮಾಡಿದ. 1846ರಲ್ಲಿ ಜೋಸೆಫ್ ದ್ಯುಬೊನ್ನೆ ಎಂಬ ವ್ಯಾಪಾರಿ ಕ್ವಿನೈನನ್ನು ದ್ರಾಕ್ಷಾರಸದಲ್ಲಿ ಸೇರಿಸಿ, ಉತ್ತರ ಆಫ್ರಿಕದ ಸೈನಿಕರು ಮುಖ ಸಿಂಡರಿಸದೆ ಕುಡಿಯುವಂತೆ ಮಾಡಿದನೆಂದು ಹೇಳುತ್ತಾರೆ. ಜ್ವರ ಹೋಯಿತು, ರುಚಿ ಉಳಿಯಿತು. ಊಟಕ್ಕೆ ಮುಂಚೆ ಹಸಿವು ಕೆರಳಿಸುವ ಪಾನೀಯವೆಂಬ ಹೆಸರಿನಲ್ಲಿ ಅದು ಕಫೆಯ ಮೇಜಿಗೆ ಬಂತು. ಮದ್ದು ಮದ್ಯವಾಯಿತು.

ಇನ್ನು ಮಾಡುವ ಕ್ರಮ. ಅಳೆಯುವ ಬಟ್ಟಲನ್ನು ತಮ್ಮ ಮರೆತು ಬಂದಿದ್ದ. ಮಗಳ ಕೆಮ್ಮಿನ ಔಷಧದ ಮುಚ್ಚಳ ತಂದುಕೊಟ್ಟೆ, ಅದರಲ್ಲಿ ಎಂ.ಎಲ್. ಗೆರೆಗಳಿದ್ದವು. ಜಿನ್ 45, ಲಿಲೆ 30, ಸೂಜ್ 20. ಎಷ್ಟು ಅಭ್ಯಾಸವಿದ್ದರೂ ಅವನು ಕಣ್ಣಂದಾಜಿನಲ್ಲಿ ಸುರಿಯಲಿಲ್ಲ. ಪ್ರತಿಸಲವೂ ಬಗ್ಗಿ, ಗೆರೆಯನ್ನು ಕಣ್ಣಿನ ನೇರಕ್ಕೆ ತಂದು ನೋಡಿದ. ಪ್ರಯೋಗಶಾಲೆಯಲ್ಲಿ ನಮಗೆ ಕಲಿಸಿದ್ದೂ ಹಾಗೆಯೇ.

ದೊಡ್ಡ ಸ್ಟೀಲ್ ಲೋಟದ ತುಂಬ ಮಂಜುಗಡ್ಡೆ ಹಾಕಿ, ಮೂರನ್ನೂ ಸುರಿದು, ಉದ್ದ ಚಮಚದಿಂದ ಸದ್ದಿಲ್ಲದೆ ಅರ್ಧ ನಿಮಿಷ ತಿರುಗಿಸಿದ. ಕುಲುಕಿದರೆ ಗಾಳಿಯ ಗುಳ್ಳೆ ಸೇರಿ ಮಬ್ಬಾಗುತ್ತದೆ, ತಿರುಗಿಸಿದರೆ ತಿಳಿಯಾಗಿ ಉಳಿಯುತ್ತದೆ. ಕರಗಿದ ನೀರು ವ್ಯರ್ಥವಲ್ಲ, ಅದೂ ಒಂದು ಸಾಮಗ್ರಿಯೇ. ಅದಿಲ್ಲದಿದ್ದರೆ ಗಂಟಲು ಸುಡುತ್ತದೆ. ಮಂಜುಗಡ್ಡೆ ಸೊನ್ನೆ ಡಿಗ್ರಿಯದಾದರೂ ಪಾನೀಯ ಅದಕ್ಕಿಂತ ಕೆಳಗಿಳಿಯಬಲ್ಲದು. ಕುಲ್ಫಿಯವನು ಮಡಕೆಯ ಮಂಜುಗಡ್ಡೆಗೆ ಉಪ್ಪು ಹಾಕುವ ಗುಟ್ಟೇ ಇದು. ಇಲ್ಲಿ ಉಪ್ಪಿನ ಕೆಲಸವನ್ನು ಮದ್ಯಸಾರ ಮಾಡುತ್ತದೆ. ಇದನ್ನು ನಾನು ವಿವರಿಸಿದೆ. "ಕಾರಣ ಇವತ್ತು ಗೊತ್ತಾಯ್ತು ಅಣ್ಣ" ಎಂದ. ಅವನಿಗೆ ಮುಂಚೆಯೇ ಗೊತ್ತಿತ್ತೆಂದು ನನ್ನ ಗುಮಾನಿ.

ಕೊನೆಗೆ ನಿಂಬೆ ಸಿಪ್ಪೆಯ ಒಂದು ಪಟ್ಟಿ ಕತ್ತರಿಸಿ, ಬಟ್ಟಲಿನ ಮೇಲೆ ಹಿಡಿದು ಹಿಂಡಿದ. ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಎಣ್ಣೆ ಮೇಲೆ ಬಿತ್ತು. ಅಡಿಗೆಮನೆಯೆಲ್ಲ ಘಮ.

ಅಷ್ಟರಲ್ಲಿ ನಾನು ಲಕೋಟೆಯ ಹಿಂಭಾಗದಲ್ಲಿ ಲೆಕ್ಕ ಹಾಕಿದ್ದೆ. ಜಿನ್ ಶೇಕಡ 40, ಲಿಲೆ 17, ಸೂಜ್ 15. ಆ ಪುಟ್ಟ ಬಟ್ಟಲಿನಲ್ಲಿ ಶುದ್ಧ ಮದ್ಯಸಾರವೇ 26 ಎಂ.ಎಲ್. ತೋರಿಸಿದೆ. "ಅದಕ್ಕೇ, ಇದು ಒಂದೇ" ಎಂದು ಬಾಟಲಿಗಳ ಬಿರಡೆ ಹಾಕಿಬಿಟ್ಟ.

ಕುಡಿದೆ. ಮೊದಲು ಸಿಹಿ, ಹೂವಿನ ಪರಿಮಳ. ಇಷ್ಟೇನಾ ಎನ್ನುವಷ್ಟರಲ್ಲಿ ಕಹಿ ಬಂತು. ಹಾಗಲಕಾಯಿಯ ಕಹಿ ಬಾಯಿಗೆ ಇಟ್ಟೊಡನೆ ಕೂಗುತ್ತದೆ, ಇದು ಹಾಗಲ್ಲ. ಸಾವಕಾಶವಾಗಿ ಬಂದು, ನಾಲಗೆಯ ಮೇಲೆ ಕುಳಿತು, ಏಳುವುದಿಲ್ಲವೆಂದಿತು. ಕಣ್ಣು ಮುಚ್ಚಿದರೆ ಊರಿನ ಕತ್ತಲೆ ಕೋಣೆ, ಕಂಬಳಿ, ಅಪ್ಪನ ಕೈಯ ಹಿತ್ತಾಳೆ ಲೋಟ. ನಾನು ಮಾತಾಡಲಿಲ್ಲ. ತಮ್ಮ ನನ್ನ ಮುಖವನ್ನೇ ನೋಡುತ್ತಿದ್ದ. "ಮೊದಲನೇ ಸಲ ಇದನ್ನು ಕುಡಿದ ದಿನ ನನಗೂ ಹಾಗೇ ಆಯ್ತು" ಎಂದ.

ಆಮೇಲೆ ಅವನು ಮಾಡಿದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಸ್ಟೀಲ್ ಲೋಟವನ್ನೂ ಚಮಚವನ್ನೂ ಸೋಪು ಹಾಕಿ ತೊಳೆದ. ಎರಡನೆಯ ಸಲ ಬಿಸಿನೀರಿನಲ್ಲಿ ತೊಳೆದ. ಮಧ್ಯಾಹ್ನ ನೆನೆಹಾಕಿದ್ದ ಕಿರಾತಕಡ್ಡಿಯ ನೀರನ್ನು ಸೋಸಿ, ಅದೇ ಮುಚ್ಚಳದಲ್ಲಿ, ಅದನ್ನೂ ತೊಳೆದು, 20 ಅಳೆದ. ಕಿತ್ತಳೆ ರಸ, ಬೆಲ್ಲದ ನೀರು, ತಣ್ಣೀರು, ಎಲ್ಲಕ್ಕೂ ಅಳತೆ. ಮಂಜುಗಡ್ಡೆ, ಅರ್ಧ ನಿಮಿಷ, ನಿಂಬೆ ಸಿಪ್ಪೆ. ಬಟ್ಟಲನ್ನು ತಟ್ಟೆಯ ಮೇಲಿಟ್ಟುಕೊಂಡು ಹಾಲಿಗೆ ಹೋಗಿ ಅಪ್ಪನ ಮುಂದೆ ನಿಂತ.

"ಇದರಲ್ಲಿ ಅದು ಇಲ್ಲ ಅಪ್ಪ. ನಿಮ್ಮ ಟ್ರಂಕಿನ ಕಿರಾತಕಡ್ಡಿ" ಎಂದ.

ಅಪ್ಪ ಪತ್ರಿಕೆ ಇಳಿಸಿದರು. ಅಡಿಗೆಮನೆಯ ಬಾಗಿಲಿಗೆ ನಾನು, ನನ್ನ ಹಿಂದೆ ನನ್ನವಳು. ಬಟ್ಟಲನ್ನು ತೆಗೆದುಕೊಂಡು ಮೂಸಿದರು, ಸ್ವಲ್ಪ ಕುಡಿದರು. ಎಪ್ಪತ್ತೊಂಬತ್ತರ ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಪೂರ್ತಿ ಕುಡಿದು ಬಟ್ಟಲನ್ನು ಕೆಳಗಿಟ್ಟರು.

"ಕಹಿ ಸರಿಯಾಗಿದೆ. ಬೆಲ್ಲ ಜಾಸ್ತಿಯಾಯ್ತು."

ಹದಿಮೂರು ವರ್ಷಗಳ ಮೇಲೆ ಮಗನಿಗೆ ಅಪ್ಪ ತಾವಾಗಿ ಆಡಿದ ಮಾತು ಅದು. ತಮ್ಮ "ಹೂಂ" ಎಂದ. ನೆಲದ ಮೇಲೆ ಕುಳಿತುಕೊಂಡು, ಆ ಬೇರಿನ ಕಥೆ ಹೇಳಿ, ಚಿತ್ರ ತೋರಿಸಿದ. ಅಪ್ಪ ಕನ್ನಡಕ ಹಾಕಿಕೊಂಡು ನೋಡಿದರು.

"ಎಷ್ಟು ವರ್ಷಕ್ಕೆ ಕೀಳ್ತಾರೆ?"

"ಹೂ ಬಿಡೋಕೇ ಹತ್ತು ವರ್ಷ ಬೇಕು ಅಪ್ಪ."

ಸ್ವಲ್ಪ ಹೊತ್ತು ಸುಮ್ಮನಿದ್ದು ಅಪ್ಪ ಕೇಳಿದರು: "ಕುಡಿಯೋಕೆ ಬಂದವನಿಗೆ, ಸಾಕು ಇನ್ನು ಮನೆಗೆ ಹೋಗು ಅಂತ ಯಾರಾದರೂ ಹೇಳ್ತಾರಾ ಅಲ್ಲಿ?"

ಯಾರನ್ನು ನೆನೆದು ಕೇಳಿದರೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

"ನಾನು ಹೇಳ್ತೇನೆ. ಅಮಲೇರಿದ್ದು ಕಾಣ್ತಾ ಇದ್ದವನಿಗೆ ಕೊಟ್ಟರೆ ಕೊಟ್ಟವನಿಗೆ ದಂಡ ಅಂತ ಅಲ್ಲಿ ಕಾನೂನೇ ಇದೆ. ಕಾನೂನು ಇಲ್ಲದಿದ್ದರೂ ಹೇಳ್ತಿದ್ದೆ. ಬೈಸಿಕೊಂಡಿದ್ದೇನೆ, ಗಿರಾಕಿ ಕಳಕೊಂಡಿದ್ದೇನೆ."

"ಅಣ್ಣನಿಗೆ ಯಾರೂ ಹೇಳಲಿಲ್ಲ" ಎಂದು ಅಪ್ಪ ಪತ್ರಿಕೆಯನ್ನು ಮತ್ತೆ ಎತ್ತಿಕೊಂಡರು. ಅದು ತಲೆಕೆಳಗಾಗಿತ್ತೆಂದೇನೂ ಇಲ್ಲ. ಅವರು ಓದುತ್ತಿರಲಿಲ್ಲ, ಅಷ್ಟೆ.

ಆ ರಾತ್ರಿ ನಾನು ಎರಡು ಅಕ್ಕಿರೊಟ್ಟಿ ಹೆಚ್ಚಿಗೆ ತಿಂದೆ. ಫ್ರೆಂಚರು ಹಸಿವಿನ ವಿಷಯದಲ್ಲಿ ಹೇಳಿದ್ದು ಸುಳ್ಳಲ್ಲ.

ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ತಮ್ಮ ಹಿಂದಿರುಗಿದ ಮೇಲೆ ಭಾನುವಾರದ ಫೋನನ್ನು ಅಪ್ಪ ಈಗ ತಾವೇ ಹಿಡಿಯುತ್ತಾರೆ. ಅಲ್ಲಿಯ ಚಳಿ, ಇಲ್ಲಿಯ ಸೆಕೆ, ಆ ಬೆಟ್ಟದ ಬೇರು, ಇಷ್ಟರ ಮಾತಾಗುತ್ತದೆ. ಬಾರು ಎಂಬ ಶಬ್ದ ಅವರ ಬಾಯಿಂದ ಇನ್ನೂ ಬಂದಿಲ್ಲ. ಬರದೆಯೂ ಇರಬಹುದು. ಮದ್ಯವನ್ನು ಅವರು ಕ್ಷಮಿಸಿಲ್ಲ, ಕ್ಷಮಿಸಬೇಕೆಂದು ನಾನೂ ಹೇಳುವುದಿಲ್ಲ. ಮೂರು ಬಾಟಲಿಗಳೂ ಕಪಾಟಿನ ಮೇಲಿವೆ. ನನ್ನ ಪರವಾನಗಿಯ ಒಂದು ದಿನ ಎಂದೋ ಮುಗಿದಿದೆ. ಆದರೆ ಒಬ್ಬ ಮನುಷ್ಯ ತನ್ನ ಕೆಲಸವನ್ನು ಗೆರೆ ನೋಡಿ ಅಳೆದು ಮಾಡುವುದನ್ನೂ, ಎಲ್ಲಿ ನಿಲ್ಲಿಸಬೇಕೆಂದು ಬಲ್ಲದ್ದನ್ನೂ ಕಣ್ಣಾರೆ ಕಂಡ ಮೇಲೆ, ಅವನ ಕೆಲಸದ ಹೆಸರನ್ನು ಮುಚ್ಚಿಡುವುದು ನನಗೆ ನಾಚಿಕೆಯೆನಿಸಿದೆ. ಅವನ ಕೆಲಸದ ಬಗ್ಗೆ ನನಗಿದ್ದ ನಾಚಿಕೆಗಿಂತ ಇದು ದೊಡ್ಡದು.

ಆದುದರಿಂದ, ಈ ಹಿಂದೆ ನಾನು ಸಂಘದ ಬಂಧುಗಳಿಗೆ ತಿಳಿಸಿದ್ದ "ಹೋಟೆಲ್ ಆಡಳಿತದಲ್ಲಿದ್ದಾನೆ" ಎಂಬುದನ್ನು "ಬಾರಿನಲ್ಲಿ ಕೆಲಸ ಮಾಡುತ್ತಾನೆ, ಚೆನ್ನಾಗಿ ಮಾಡುತ್ತಾನೆ" ಎಂದು ತಿದ್ದಿ ಓದಿಕೊಳ್ಳತಕ್ಕದ್ದು.